ಹೈಬ್ರಿಡ್ ಕಾರಿಗೆ ‘ಪವರ್ ಕಾಯಿಲ್’ ಹಾಕಿಸಲು ಹೊರಟವರು ಒಮ್ಮೆ ಇದನ್ನು ಓದಿ

ಬೆಳಗ್ಗೆ ಮೊದಲ ಸಲ ಎಂಜಿನ್ ಆನ್ ಆದಾಗ ಕಾರು ಒಂದೆರಡು ಸೆಕೆಂಡ್ ಗಡಗಡ ಅನ್ನುತ್ತಿತ್ತು. ಮೈಲೇಜ್ ಕೂಡ ಸ್ವಲ್ಪ ಇಳಿದ ಹಾಗೆ ಅನ್ನಿಸಿತ್ತು. ಇಷ್ಟೇ ಇದ್ದದ್ದು. ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರ್ ಕೂಡ ಇರುವ ಹೈಬ್ರಿಡ್, 90,000 ಕಿಲೋಮೀಟರ್ ದಾಟಿತ್ತು, ಅದುವರೆಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಸುಮ್ನೆ ಒಂದು ಸಲ ಕಾರಿನ ಕಂಪ್ಯೂಟರ್‌ನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ ನೋಡಿದ್ದರೆ ಸಾಕಿತ್ತು. ನಾನು ಹಾಗೆ ಮಾಡಲಿಲ್ಲ, ‘ಜೋರಾದ ಸ್ಪಾರ್ಕ್, ಪೂರ್ತಿ ಉರಿಯುವ ಪೆಟ್ರೋಲ್, ಜಾಸ್ತಿ ಮೈಲೇಜ್’ ಅನ್ನುವ ಜಾಹೀರಾತು ನೋಡಿ ನಾಲ್ಕು ಹೊಸ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಭಾಗ), ನಾಲ್ಕು ಬಹುಮೊನೆಯ ಪ್ಲಗ್ (ಎಂಜಿನ್ ಒಳಗೆ ಕಿಡಿ ಹಾರಿಸುವ ಭಾಗ) ಹಾಕಿಸಿಕೊಂಡು ಬಂದೆ. ಜೊತೆಗೆ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿ ಫ್ರೀ. ಅದನ್ನು ಆಮೇಲೆ ಬಿಚ್ಚಿ ನೋಡಿದೆ, ಒಳಗಿದ್ದದ್ದು ಒಂದು ಕೆಪಾಸಿಟರ್, ಒಂದು ನೀಲಿ ಎಲ್‌ಇಡಿ, ಅಷ್ಟೇ.

ಮೊದಲ ವಾರ ನಾನು ಸಿಕ್ಕವರಿಗೆಲ್ಲ ಹೊಗಳಿಕೊಂಡು ತಿರುಗಿದೆ, ಅದನ್ನೂ ಒಪ್ಪಿಕೊಳ್ಳಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಮೈಲೇಜ್ ಅಂಕಿ ನಿಜವಾಗಿಯೂ ಏರಿತ್ತು. ಕಾರಣ ತಿಳಿದದ್ದು ಆಮೇಲೆ. ಕೆಲಸ ಮಾಡುವಾಗ 12 ವೋಲ್ಟ್ ಬ್ಯಾಟರಿ ಬಿಚ್ಚಿದ್ದರು, ಹಳೆಯ ಸರಾಸರಿ ಅಳಿಸಿಹೋಗಿ ಹೊಸದಾಗಿ ಲೆಕ್ಕ ಶುರುವಾಗಿತ್ತು. ಜೊತೆಗೆ ದುಡ್ಡು ಕೊಟ್ಟು ಬಂದವನ ಕಾಲು ಆಕ್ಸಿಲರೇಟರ್ ಮೇಲೆ ಎಷ್ಟು ಮೆತ್ತಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ! ಹೈಬ್ರಿಡ್‌ನಲ್ಲಿ ಎಸಿ, ಹವೆ, ದೊಡ್ಡ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅನ್ನುವುದು ಇವೆಲ್ಲ ಸೇರಿ ಮೈಲೇಜ್ ದಿನಕ್ಕೊಂದು ಥರ ಬರುತ್ತದೆ. ಒಂದೆರಡು ಟ್ರಿಪ್ ನೋಡಿ ಏನೂ ಹೇಳಲು ಆಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಡಬ್ಬದ ಮೇಲೆ 60,000 ವೋಲ್ಟ್ ಅಂತ ಬರೆದಿದ್ದರೆ ಪ್ಲಗ್‌ಗೆ ಅಷ್ಟು ಹೋಗುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಪ್ಲಗ್‌ನ ಗ್ಯಾಪ್‌ನಲ್ಲಿ ಕಿಡಿ ಹಾರುವವರೆಗೆ ಮಾತ್ರ ವೋಲ್ಟೇಜ್ ಏರುತ್ತದೆ, ಹಾರಿದ ಕೂಡಲೇ ಇಳಿಯುತ್ತದೆ. ಆ ಹೊತ್ತಿಗೆ 15,000 ಸಾಕಾದರೆ ಎಷ್ಟೇ ದೊಡ್ಡ ಕಾಯಿಲ್ ಕೂಡ 15,000ಕ್ಕೇ ನಿಲ್ಲುತ್ತದೆ. ಕಿಡಿ ಯಾವಾಗ ಹಾರಬೇಕು, ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಕೊಡಬೇಕು ಅನ್ನುವುದನ್ನು ಕಾರಿನ ಕಂಪ್ಯೂಟರ್ ತೀರ್ಮಾನಿಸುತ್ತದೆ, ನಾವು ಕಾಯಿಲ್ ಬದಲಿಸಿದರೆ ಆ ಲೆಕ್ಕ ಬದಲಾಗುವುದಿಲ್ಲ. ಇನ್ನು ‘ಪೂರ್ತಿ ಉರಿಯುವುದು’: ಸರಿಯಾಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಈಗಾಗಲೇ ಹೆಚ್ಚುಕಮ್ಮಿ ಪೂರ್ತಿಯೇ ಉರಿಯುತ್ತದೆ, ಉಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಕಿಡಿಯನ್ನು ಮೆಕ್ಯಾನಿಕಲ್ ಆಗಿ ನಡೆಸುತ್ತಿದ್ದ ಪಾಯಿಂಟ್, ಡಿಸ್ಟ್ರಿಬ್ಯೂಟರ್ ಇದ್ದ ಕಾಲದ ಕಾರುಗಳಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ನಿಜಕ್ಕೂ ಲಾಭ ಇತ್ತು. ಆ ಹಳೆಯ ಮಾತನ್ನೇ ಈಗಿನ ಕಾರಿಗೂ ಅಂಟಿಸಿ ಮಾರುತ್ತಿದ್ದಾರೆ.

ಮೂರನೇ ವಾರ ಹಳೆಯ ಗಡಗಡ ವಾಪಸ್ ಬಂತು, ಈ ಸಲ ಇನ್ನೂ ಜೋರಾಗಿ. ಇಲ್ಲೇ ನಾನು ಮೋಸಹೋದದ್ದು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಕೂಡಲೇ ಎಳೆತ ಕಮ್ಮಿಯಾಗುತ್ತದೆ, ನಿಂತಲ್ಲಿ ಇಡೀ ಕಾರು ಅಲುಗಾಡುತ್ತದೆ. ಹೈಬ್ರಿಡ್‌ನಲ್ಲಿ ಹಾಗಲ್ಲ, ಎಂಜಿನ್ ಸೋತ ಕಡೆ ಮೋಟಾರ್ ಹೆಗಲು ಕೊಡುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆಫ್ ಆಗಿಬಿಡುತ್ತದೆ, ಹಾಗಾಗಿ ಕಾಯಿಲೆ ಮುಚ್ಚಿಕೊಂಡು ಕೂರುತ್ತದೆ ಮತ್ತು ನಾವು ‘ಪರವಾಗಿಲ್ಲ, ಓಡುತ್ತಿದೆಯಲ್ಲ’ ಅಂತ ಇನ್ನೂ ನಾಲ್ಕು ದಿನ ಓಡಿಸುತ್ತೇವೆ. ಐದನೇ ದಿನ ಏರು ರಸ್ತೆಯಲ್ಲಿ ಚೆಕ್ ಎಂಜಿನ್ ಲೈಟ್ ಮಿಣಮಿಣ ಅನ್ನತೊಡಗಿತು. ಸುಮ್ಮನೆ ಉರಿಯುವ ಲೈಟ್ ಬೇರೆ, ಮಿಣುಗುವ ಲೈಟ್ ಬೇರೆ. ಮಿಣುಗಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನು ಸುಡುವ ಅಪಾಯ ಇದೆ ಅಂತ ಅರ್ಥ, ಆಕ್ಸಿಲರೇಟರ್ ಬಿಟ್ಟು ಆದಷ್ಟು ಬೇಗ ಪಕ್ಕಕ್ಕೆ ನಿಲ್ಲಿಸಬೇಕು. ನಾನು ಮನೆವರೆಗೆ ಓಡಿಸಿಕೊಂಡು ಬಂದೆ.

ಸ್ಕ್ಯಾನರ್‌ನಲ್ಲಿ ಪಿ0300, ಪಿ0302. ಅಂದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಅದರಲ್ಲೂ ಎರಡನೇ ಸಿಲಿಂಡರ್‌ನಲ್ಲಿ. ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ಕಪ್ಪು ಗೆರೆ. ಕಿಡಿ ಗ್ಯಾಪ್‌ಗೆ ಹೋಗುವ ಬದಲು ಹೊರಗಿಂದಲೇ ಹಾರುತ್ತಿತ್ತು. ಎಷ್ಟು ಬಿಗಿಯಾಗಿದೆ ಅಂತ ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿದದ್ದು ನನ್ನ ಕಣ್ಣೆದುರೇ ಆಗಿತ್ತು, ಆಗ ನನಗೆ ಗೊತ್ತಾಗಲಿಲ್ಲ. ಪ್ಲಗ್, ಕಾಯಿಲ್ ಎಲ್ಲ ಸರಿಮಾಡಿಸಿ ಎರಡು ವಾರ ಆಗುವಷ್ಟರಲ್ಲಿ ಪಿ0420 ಬಂತು, ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಕಾರಿನ ಕೆಳಗಿರುವ ಸಾಮಾನುಗಳಲ್ಲಿ ಅದರಷ್ಟು ದುಬಾರಿ ಇನ್ನೊಂದು ಸಿಗುವುದು ಕಷ್ಟ.

ಅಷ್ಟಕ್ಕೂ ಮೊದಲಿನ ಆ ಗಡಗಡಕ್ಕೆ ಕಾರಣ ಏನು ಗೊತ್ತಾ? ಇಗ್ನಿಷನ್ ಅಲ್ಲವೇ ಅಲ್ಲ. ಹೊಗೆಯ ಒಂದು ಭಾಗವನ್ನು ತಣ್ಣಗೆ ಮಾಡಿ ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ಅನ್ನುವ ವ್ಯವಸ್ಥೆ ಇದೆಯಲ್ಲ, ಅನೇಕ ಹೈಬ್ರಿಡ್ ಎಂಜಿನ್‌ಗಳು ಪೆಟ್ರೋಲ್ ಉಳಿಸಲು ಅದನ್ನು ಚೆನ್ನಾಗಿ ಬಳಸುತ್ತವೆ, ಅದರ ದಾರಿಯಲ್ಲಿ ಮಸಿ ಕಟ್ಟಿಕೊಂಡಿತ್ತು. ಬಿಚ್ಚಿ ತೊಳೆದರು, ಗಡಗಡ ನಿಂತಿತು.

ಹಾಗಾಗಿ ನಿಮಗೂ ಹೀಗೇ ಅನ್ನಿಸಿದರೆ ಮೊದಲು ಕೋಡ್ ಓದಿಸಿ. ಎರಡನೇ ಸಿಲಿಂಡರ್‌ನ ಕಾಯಿಲ್ ಮೇಲೆ ಅನುಮಾನ ಇದ್ದರೆ ಅದನ್ನು ಮೂರನೆಯದರ ಜೊತೆ ಅದಲುಬದಲು ಮಾಡಿಸಿ ನೋಡಿ, ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ, ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕು. ಇದಕ್ಕೆ ಹೊಸ ಸಾಮಾನು ಏನೂ ಬೇಡ. ಪ್ಲಗ್ ಬದಲಿಸುವ ಸಮಯ ಬಂದಿದ್ದರೆ ಮ್ಯಾನುಯಲ್‌ನಲ್ಲಿರುವ ಅದೇ ನಂಬರ್ ಹಾಕಿಸಿ, ತಣ್ಣಗಿರುವ ಎಂಜಿನ್‌ಗೆ, ಟಾರ್ಕ್ ವ್ರೆಂಚ್ ಹಿಡಿದು. ಸ್ವಂತ ಮಾಡುವವರು ಕಾರು ‘ರೆಡಿ’ಯಲ್ಲಿ (ಓಡಲು ಸಿದ್ಧವಾಗಿರುವ ಸ್ಥಿತಿಯಲ್ಲಿ) ಇಲ್ಲ ಅಂತ ಎರಡು ಸಲ ನೋಡಿಕೊಳ್ಳಿ, ಇಲ್ಲದಿದ್ದರೆ ಕೈ ಒಳಗಿರುವಾಗಲೇ ಎಂಜಿನ್ ತಾನಾಗಿ ಆನ್ ಆಗಬಹುದು. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ.

ಇಷ್ಟು ಓದಿದ ಮೇಲೂ ಹಾಕಿಸಿಯೇ ನೋಡುತ್ತೇನೆ ಅನ್ನುವವರು ಹಳೆಯ ನಾಲ್ಕು ಕಾಯಿಲ್‌ಗಳನ್ನಾದರೂ ಕೇಳಿ ಮನೆಗೆ ತನ್ನಿ. ನಾನು ಅಲ್ಲೇ ಬಿಟ್ಟು ಬಂದಿದ್ದೆ, ಮತ್ತೆ ಕೇಳಲು ಹೋಗುವಷ್ಟರಲ್ಲಿ ಗುಜರಿಗೆ ಹೋಗಿದ್ದವು.