ಕ್ಯಾತ್ಸಂದ್ರದ ನಮ್ಮ ಮನೆ ಸೋಲಾರ್: ಹನ್ನೊಂದು ತಿಂಗಳು ಬಳಸಿದ ಮೇಲೆ

ಮನೆ ಮೇಲೆ ಸೋಲಾರ್ ಹಾಕಿಸೋಣ ಅಂತಿರುವ ತುಮಕೂರಿನವರಿಗಾಗಿ ಬರೆಯುತ್ತಿದ್ದೇನೆ. ನಮ್ಮದು ಕ್ಯಾತ್ಸಂದ್ರ. ಅತ್ತೆ, ಮಾವ, ಮೈದುನನ ಸಂಸಾರ ಎಲ್ಲ ಸೇರಿ ಎಂಟು ಜನ. ಬೋರ್ ಮೋಟಾರು, ಎರಡು ಫ್ರಿಜ್, ಗ್ರೈಂಡರ್ ಇವೆ. ತಿಂಗಳಿಗೆ 280 ಯೂನಿಟ್ ಆಗುತ್ತದೆ. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ ಪಿಎಂ ಸೂರ್ಯಘರ್ ಯೋಜನೆಯಲ್ಲಿ 540 ವ್ಯಾಟ್‌ನ ಆರು ಪ್ಯಾನಲ್ ಹಾಕಿಸಿದೆವು. 78,000 ರೂಪಾಯಿ ಸಬ್ಸಿಡಿ ಖಾತೆಗೆ ಬಂತು.

ಪ್ಯಾನಲ್ ಬಗ್ಗೆ ನನಗೆ ದೂರಿಲ್ಲ. ಸ್ಟ್ಯಾಂಡ್ ಗಟ್ಟಿಯಾಗಿದೆ, ಮಳೆಗಾಲದಲ್ಲಿ ತಾರಸಿ ಸೋರಲಿಲ್ಲ. ತೊಂದರೆ ಶುರುವಾಗಿದ್ದು ಬೇಸಿಗೆಯಲ್ಲಿ.

ಬಿಸಿಲು ಜೋರಾಗಿರುವ ಹೊತ್ತಿಗೇ ಇನ್ವರ್ಟರ್, ಅಂದರೆ ಪ್ಯಾನಲ್ಲಿನ ಕರೆಂಟನ್ನು ಮನೆ ಕರೆಂಟಾಗಿ ಬದಲಾಯಿಸುವ ಪೆಟ್ಟಿಗೆ, ನಿಂತುಬಿಡುತ್ತಿತ್ತು! ಹನ್ನೊಂದೂವರೆಯಿಂದ ಎರಡೂವರೆ ತನಕ ಕೆಂಪು ದೀಪ. ಮೊಬೈಲಿನಲ್ಲಿ ನೋಡಿದರೆ ಗ್ರಾಫಿನ ನಡುವೆ ಗುಂಡಿ ಬಿದ್ದ ಹಾಗೆ. ದಿನಕ್ಕೆ ಹದಿಮೂರು ಯೂನಿಟ್ ಬರಬೇಕಾದ ಕಡೆ ಎಂಟು, ಒಂಬತ್ತು ಬರುತ್ತಿತ್ತು. ಹಾಕಿಕೊಟ್ಟ ಅಂಗಡಿಗೆ ಫೋನ್ ಮಾಡಿದರೆ ಮೊದಲು "ಧೂಳು ಕೂತಿರುತ್ತೆ, ತೊಳೀರಿ" ಅಂದರು. ತೊಳೆದೆ. ಆಮೇಲೆ "ಕರೆಂಟ್ ಹೋಗಿರಬೇಕು" ಅಂದರು. ಕೆಳಗೆ ಫ್ಯಾನ್ ತಿರುಗುತ್ತಲೇ ಇತ್ತಲ್ವಾ! ಹೀಗೇ ಒಂದೂವರೆ ತಿಂಗಳು ಹೋಯಿತು. ಇದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಕೊನೆಗೆ ಅದೇ ಅಂಗಡಿಯಿಂದ ಒಬ್ಬ ಹುಡುಗ ಬಂದ. ಮಧ್ಯಾಹ್ನದ ಬಿಸಿಲಲ್ಲಿ ಮೀಟರ್ ಹಿಡಿದು ಒಂದು ಗಂಟೆ ತಾರಸಿಯ ಮೇಲೇ ಕೂತ. 230 ಇರಬೇಕಾದ ವೋಲ್ಟೇಜ್ ಏರುತ್ತಾ ಏರುತ್ತಾ 256ಕ್ಕೆ ಹೋಯಿತು. ನಮ್ಮ ಇನ್ವರ್ಟರಿನ ಮಿತಿ 253. ವೋಲ್ಟೇಜ್ ಅದನ್ನು ದಾಟಿದ ಕೂಡಲೇ ಇನ್ವರ್ಟರ್ ತಾನಾಗಿಯೇ ಲೈನಿನಿಂದ ಬೇರೆಯಾಗಿ ನಿಲ್ಲುತ್ತದೆ.

ಯಾಕೆ ಅಂತ ಅವನು ಬಿಡಿಸಿ ಹೇಳಿದ. ನಮ್ಮ ಬೀದಿಯಲ್ಲಿ ಈಗ ಐದು ಮನೆಗೆ ಸೋಲಾರ್ ಇದೆ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಕರೆಂಟ್ ಬಳಸುವವರೇ ಕಡಿಮೆ. ಐದೂ ಮನೆಯಿಂದ ಮಿಕ್ಕ ಕರೆಂಟ್ ಬೀದಿಯ ಲೈನಿಗೆ ಹೋಗುತ್ತದೆ. ಹಾಗೆ ಕಳಿಸಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಲೈನಿಗಿಂತ ಸ್ವಲ್ಪ ಮೇಲಿಡಬೇಕು. ವೈರು ಸಣ್ಣದಾದಷ್ಟೂ, ಉದ್ದವಾದಷ್ಟೂ ಇನ್ನೂ ಮೇಲೆ. ಸಾಲದ್ದಕ್ಕೆ ಐದರಲ್ಲಿ ನಾಲ್ಕು ಮನೆ ಒಂದೇ ಫೇಸಿನಲ್ಲಿ, ಅಂದರೆ ಲೈನಿನ ಮೂರು ಕರೆಂಟ್ ತಂತಿಗಳಲ್ಲಿ ಒಂದರಲ್ಲೇ, ಇದ್ದವು. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ಮನೆಗೆ ಕರೆಂಟ್ ತರುವುದಕ್ಕೆ ಅಂತ ಎಳೆದ ಲೈನ್ ಅದು. ಮನೆಯಿಂದ ವಾಪಸ್ ಹೋಗುತ್ತದೆ ಅಂತ ಆಗ ಯಾರು ಲೆಕ್ಕ ಹಾಕಿದ್ದರು?

ನನ್ನ ತವರು ಪಾವಗಡದ ಕಡೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡು ಮಾಡಿದ್ದು. ಅಷ್ಟು ಕರೆಂಟ್ ಹೊರಗೆ ಸಾಗಿಸುವುದಕ್ಕೇ 400 ಕಿಲೋವೋಲ್ಟ್ ಸಬ್‌ಸ್ಟೇಷನ್ ಕಟ್ಟಿದ್ದಾರೆ. ಅಲ್ಲಿ ಪ್ಯಾನಲ್ ಜೊತೆ ದಾರಿಯನ್ನೂ ಮಾಡಿದರು. ನಮ್ಮ ಬೀದಿಯಲ್ಲಿ ಪ್ಯಾನಲ್ ಮಾತ್ರ ಬಂತು, ದಾರಿ ಹಳೇದೇ.

ನಮ್ಮ ಮನೆಯವರು "ಆ ಮಿತಿ ಏರಿಸಿಬಿಡಪ್ಪ, ಮುಗೀತಲ್ಲ" ಅಂದರು. ಹುಡುಗ ಒಪ್ಪಲಿಲ್ಲ. "ಬೇಡ ಅಣ್ಣ, ಅದೇ ವೋಲ್ಟೇಜ್ ಪಕ್ಕದ ಮನೆ ಟಿವಿ, ಫ್ರಿಜ್ಜಿಗೂ ಹೋಗುತ್ತೆ" ಅಂದ. ಆ ಮಾತಿಗೆ ನಾನು ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ. ತಾರಸಿಯಿಂದ ಮೀಟರ್ ತನಕ ಇದ್ದ 4 ಚದರ ಮಿಲಿಮೀಟರ್ ಕೇಬಲ್ ತೆಗೆದು 10ರದ್ದು ಹಾಕಿದ. ಅರ್ಜಿ ಬರೆದುಕೊಟ್ಟೆವು. ಲೈನ್‌ಮನ್ ಬಂದು ನಮ್ಮ ಮನೆಯನ್ನು ಬೇರೆ ಫೇಸಿಗೆ ಬದಲಾಯಿಸಿದರು. ಈಗ ಮಧ್ಯಾಹ್ನ 244, 245 ಇರುತ್ತದೆ. ಕೆಂಪು ದೀಪ ನೋಡಿ ನಾಲ್ಕು ತಿಂಗಳಾಯಿತು.

ನಾವೂ ಒಂದು ಅಭ್ಯಾಸ ಬದಲಾಯಿಸಿಕೊಂಡೆವು. ಬೆಳಗ್ಗೆ ಆರಕ್ಕೆ ಹಾಕುತ್ತಿದ್ದ ಬೋರ್ ಮೋಟಾರನ್ನು ಈಗ ಹನ್ನೆರಡಕ್ಕೆ ಹಾಕುತ್ತೇವೆ. ಬೆಳಗಾಗುತ್ತಲೇ ಟ್ಯಾಂಕ್ ತುಂಬಿರಬೇಕು ಅನ್ನುವ ಮಾವನವರನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತು. ನಮ್ಮ ಕರೆಂಟ್ ನಮ್ಮಲ್ಲೇ ಖರ್ಚಾದರೆ ಲೈನಿನ ಮೇಲೆ ಅಷ್ಟು ಭಾರ ಕಡಿಮೆ.

ಅಂಗಡಿಯವರು ಮೊದಲೇ ಹೇಳಬೇಕಿದ್ದ ಇನ್ನೊಂದು ವಿಷಯ: ಬ್ಯಾಟರಿ ಇಲ್ಲದ ಈ ಸೋಲಾರ್, ಕರೆಂಟ್ ಹೋದರೆ ಹಗಲಲ್ಲೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವವರಿಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಅದು ಸರಿಯೇ. ಆದರೆ ಅತ್ತೆ "ಇನ್ಮೇಲೆ ಕರೆಂಟ್ ಹೋಗಲ್ಲ" ಅಂತ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದರು. ಪಾಪ, ಅವರಿಗೆ ಬೇಸರವಾಯಿತು.

ಪ್ಯಾನಲ್, ಇನ್ವರ್ಟರಿಗೆ ಐದಕ್ಕೆ ಐದು. ಅಂಗಡಿಯ ಸೇವೆಗೆ ಮೂರು, ಅದೂ ಆ ಹುಡುಗನಿಂದ. ಮುಂದಿನ ವಾರ ಎದುರು ಮನೆಯವರೂ ಹಾಕಿಸುತ್ತಿದ್ದಾರೆ. ಪ್ಯಾನಲ್ ಇಳಿಸುವ ಮೊದಲು ಮಧ್ಯಾಹ್ನ ಒಂದು ಗಂಟೆಗೆ ಬಂದು ವೋಲ್ಟೇಜ್ ನೋಡು, ಯಾವ ಫೇಸ್ ಅಂತ ಕೇಳು ಅಂತ ಅವನಿಗೆ ಹೇಳಿದ್ದೇನೆ. ಬರುತ್ತೀನಿ ಅಕ್ಕ ಅಂದಿದ್ದಾನೆ.