ಶಿವರಾತ್ರಿ ಕಳೆದ ಮೇಲಿನ ಹಿತ್ತಲು ಶುಚಿ: ಒಂದು ನರ್ಸರಿಯ ಸೇವೆಯ ವಿಮರ್ಶೆ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತಾ ಹೊರಟುಹೋಗುತ್ತದೆ ಎಂಬ ಮಾತಿದೆ. ಮೈಸೂರಿನ ಮರವಿರುವ ಮನೆಗಳಲ್ಲಿ ಆ ಹೊತ್ತಿಗೆ ಹೊಂಗೆ, ಬೇವುಗಳ ತರಗೆಲೆ ಪಾದ ಮುಳುಗುವಷ್ಟು ಬಿದ್ದಿರುತ್ತದೆ. ಯುಗಾದಿಯೂ ಹತ್ತಿರ ಬರುವುದರಿಂದ ಎಲ್ಲರಿಗೂ ಹಿತ್ತಲು ಒಮ್ಮೆಲೇ ಚೊಕ್ಕಟವಾಗಬೇಕೆನಿಸುತ್ತದೆ. ನಮ್ಮ ಬಡಾವಣೆಯ ನರ್ಸರಿಯೊಂದು ಈ ಕೆಲಸವನ್ನು ಇಬ್ಬರು ಆಳು, ಒಂದು ದಿನ, ಸಲಕರಣೆ ಅವರದೇ ಎಂಬ ಲೆಕ್ಕದಲ್ಲಿ 2,200 ರೂಪಾಯಿಗೆ ಮಾಡಿಕೊಡುತ್ತದೆ. ಕಸ ಸಾಗಿಸುವುದಕ್ಕೆ 400 ರೂಪಾಯಿ ಬೇರೆ. ಈ ಬಾರಿ ಅವರನ್ನು ಕರೆಸಿದ ಅನುಭವದ ಮೇಲೆ ಹೇಳುವುದಾದರೆ, ಕತ್ತರಿಯ ಕೆಲಸಕ್ಕೆ ಧೈರ್ಯವಾಗಿ ಕರೆಯಬಹುದು, ಪೊರಕೆಯ ಕೆಲಸ ನಡೆಯುವಾಗ ಮಾತ್ರ ಪಕ್ಕದಲ್ಲೇ ನಿಂತಿರಬೇಕು.

ಬಂದ ಇಬ್ಬರಲ್ಲಿ ಹಿರಿಯ ಮಾಲಿಗೆ ಗಿಡದ ಕಾಲಜ್ಞಾನ ಚೆನ್ನಾಗಿದೆ. ದಾಸವಾಳದ ಹಳೆಯ, ಕಟ್ಟಿಗೆಯಾದ ರೆಂಬೆಗಳನ್ನು ಮೂರನೆಯ ಒಂದು ಪಾಲಿನಷ್ಟು, ಗೆಣ್ಣಿಗೆ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿದರು; ಹಿಟ್ಟು ತಿಗಣೆ ಹತ್ತಿದ ಕುಡಿಗಳನ್ನು ಉಳಿದ ಕಸದೊಡನೆ ಬೆರೆಸದೆ ಬೇರೆ ಚೀಲಕ್ಕೆ ಹಾಕಿ, ಮುಂದಿನ ಗಿಡಕ್ಕೆ ಹೋಗುವ ಮುನ್ನ ಕತ್ತರಿಯ ಬಾಯನ್ನು ಸ್ಪಿರಿಟ್ಟಿನಿಂದ ಒರೆಸಿದರು. ಮಲ್ಲಿಗೆಯನ್ನು ಅವರು ಮುಟ್ಟಲೇ ಇಲ್ಲ. ಅದನ್ನು ಸವರುವುದು ಚಳಿಗಾಲದ ಕೆಲಸ. ಮೊಗ್ಗು ಬರುವುದು ಹೊಸ ಕುಡಿಯಲ್ಲಾದ್ದರಿಂದ ಈಗ ಅಂದಕ್ಕೆಂದು ತುದಿ ಕತ್ತರಿಸಿದರೆ ಬೇಸಿಗೆಯ ಹೂವನ್ನೇ ಕಳೆದುಕೊಂಡಂತೆ. ಹೂ ಬಿಟ್ಟಿದ್ದ ಮಾವಿಗೆ ಔಷಧಿ ಹೊಡೆಯುವುದಕ್ಕೂ ಒಪ್ಪಲಿಲ್ಲ, ಏಕೆಂದರೆ ಕಾಯಿ ಕಚ್ಚಿಸುವ ನೊಣ, ಜೇನುಗಳೇ ಆ ಸಿಂಪಡಣೆಗೆ ಮೊದಲು ಬಲಿಯಾಗುತ್ತವೆ. ಕರಿಬೇವಿನ ಕೆಳಗೊಂಬೆಯಿಂದ ಜೇಡರ ಬಲೆ, ಒಣ ಎಲೆಯ ಚೂರು, ತೊಗಟೆಯ ನಾರು ಅಂಟಿದ ಒಂದು ಗಂಟು ಜೋತಾಡುತ್ತಿತ್ತು. ಕಿರಿಯವನು ಅದನ್ನು ಕೀಳಲು ಕೈ ಚಾಚಿದಾಗ ಹಿರಿಯರು, “ಏ, ಅದು ಕಸ ಅಲ್ಲ ಕಣೋ, ಸೂರಕ್ಕಿ ಗೂಡು. ಆ ಕೊಂಬೆ ಬಿಡು,” ಎಂದು ತಡೆದರು. ನೋಡಿದರೆ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಬಾಗಿಲಿತ್ತು. ಕೊಟ್ಟ ಹಣದ ಅರ್ಧ ಅಲ್ಲಿಯೇ ಸಂದಿತು ಎಂದುಕೊಂಡೆ.

ನನ್ನ ತಕರಾರು ಅವರು ಜೊತೆಗೆ ತರುವ ಪೆಟ್ರೋಲ್ ಬ್ಲೋವರಿನ ಬಗ್ಗೆ ಮತ್ತು ‘ಕ್ಲೀನ್’ ಎಂದರೆ ನೆಲ ಬೋಳಾಗಬೇಕು ಎಂಬ ಅವರ ಕಲ್ಪನೆಯ ಬಗ್ಗೆ. ಸಿಮೆಂಟ್ ಹಾಕಿದ ಅಂಗಳದಲ್ಲಿ ಆ ಯಂತ್ರ ಉಪಯೋಗಕ್ಕೆ ಬರುತ್ತದೆ, ಆದರೆ ಪಾತಿಗಳ ಮೇಲೆ ಹಾಯಿಸಿದಾಗ ತರಗೆಲೆಯ ಜೊತೆಗೆ ಹಿಂದಿನ ಗೊಬ್ಬರದ ಸಡಿಲ ಮೇಲ್ಮಣ್ಣೂ ಹಾರಿ ಕಾಂಪೌಂಡಿನ ಬುಡ ಸೇರಿತು. ಮಳೆಗೆ ಇನ್ನೂ ತಿಂಗಳುಗಳಿರುವಾಗ, ಬಿಸಿಲು ದಿನದಿನಕ್ಕೆ ಏರುತ್ತಿರುವಾಗ ಬರಿಯ ಮಣ್ಣು ನೀರು ಹಾಕಿದ ಮರುದಿನವೇ ಗಟ್ಟಿಯಾಗಿ ಬಿರಿಯುತ್ತದೆ. ಅದೇ ತರಗೆಲೆಯನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ಕಾಂಡದಿಂದ ಒಂದು ಗೇಣು ದೂರ ಬಿಟ್ಟರೆ ತೇವ ಉಳಿಯುತ್ತದೆ, ಕಳೆ ಏಳುವುದೂ ಕಡಿಮೆಯಾಗುತ್ತದೆ. ಅದರಲ್ಲೂ ಹೊಂಗೆ ದ್ವಿದಳ ಜಾತಿಯ ಮರ. ಅದರ ಸೊಪ್ಪನ್ನು ನಮ್ಮ ರೈತರು ಹಸಿರೆಲೆ ಗೊಬ್ಬರವೆಂದು ಗದ್ದೆಗೆ ತುಳಿಯುತ್ತಾ ಬಂದಿದ್ದಾರೆ. ಅಂಥ ಎಲೆಯನ್ನು ಚೀಲಕ್ಕೆ ತುಂಬಿ, ಸಾಗಿಸಲು ನಮ್ಮಿಂದಲೇ ದುಡ್ಡು ಪಡೆದು, ಆಮೇಲೆ ಅದೇ ನರ್ಸರಿಯಲ್ಲಿ ಎಲೆಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ಮಾರುವುದು ಒಳ್ಳೆಯ ವ್ಯಾಪಾರವೇ ಸರಿ. ಸಾಗಿಸುವ ಹಣ ಉಳಿಸಬೇಕೆಂದರೆ ಮೂಲೆಯಲ್ಲಿ ಸುಟ್ಟುಬಿಡೋಣ ಎಂದೂ ಕಿರಿಯವನು ಸೂಚಿಸಿದ. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಮನೆಯವರು ತೋಟದ ಕಸವನ್ನು ಹೀಗೆ ಬಯಲಲ್ಲಿ ಸುಡುವಂತಿರಲಿಲ್ಲ ಎಂಬುದು ಇಂಥ ಸೇವೆ ನಡೆಸುವವರಿಗಾದರೂ ತಿಳಿದಿರಬೇಕಿತ್ತು.

ಮಡಿ ಅಗೆಯುವಲ್ಲಿಯೂ ಎಚ್ಚರ ಸಾಲದು. ಫುಟ್‌ಬಾಲ್ ಲಿಲಿಯ ಗಡ್ಡೆಗಳು ಈ ದಿನಗಳಲ್ಲಿ ಎಲೆಯಿಲ್ಲದೆ ಮಣ್ಣಿನೊಳಗೆ ಮಲಗಿದ್ದು, ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಹೂವಿನ ದಂಟು ಎತ್ತುತ್ತವೆ. ಖಾಲಿ ಜಾಗವೆಂದು ಗುದ್ದಲಿ ಹಾಕಿದರೆ ಸೀಳಿಹೋಗುತ್ತವೆ. ನಾನು ಮೊದಲೇ ಸುತ್ತ ಕಡ್ಡಿ ನೆಟ್ಟಿದ್ದರಿಂದ ಅವು ಉಳಿದವು.

ಕೆಲಸದ ನಿಜವಾದ ಪರೀಕ್ಷೆ ಅದೇ ಸಂಜೆಯಲ್ಲ, ಕೆಲವು ವಾರಗಳ ನಂತರ. ದಾಸವಾಳದಲ್ಲಿ ಕತ್ತರಿ ಹಾಕಿದ ಪ್ರತಿ ಕಡೆಯೂ ಕೆಳಗಿನ ಗೆಣ್ಣಿನಲ್ಲಿ ಕಣ್ಣು ಉಬ್ಬಿ, ಒಂದಿದ್ದ ಕಡೆ ಎರಡು ಮೂರು ಕುಡಿ ಒಡೆದಿವೆ. ಕೊಂಬೆಯ ತುದಿ ಒಣಗಿದ್ದು ಎಲ್ಲಿಯೂ ಕಾಣಲಿಲ್ಲ. ಕರಿಬೇವು ಬುಡದಿಂದಲೇ ಚಿಗುರಿದೆ, ಬೇವಿನಲ್ಲಿ ತಾಮ್ರ ಬಣ್ಣದ ಎಳೆ ಎಲೆ ತೂಗುತ್ತಿದೆ. ಬ್ಲೋವರ್ ಹಾಯ್ದ ಎರಡು ಪಾತಿಗಳಲ್ಲಿ ಮಾತ್ರ ಬದನೆ ಸಸಿಗಳು ಮಧ್ಯಾಹ್ನವಾದರೆ ಬಾಡುತ್ತಿದ್ದವು. ಗೋಡೆಯ ಬದಿಯ ಎಲೆಯನ್ನು ಮತ್ತೆ ತಂದು ಹೊದಿಸಿದ ಮೇಲೆ ಚೇತರಿಸಿಕೊಂಡವು.

ಕರೆಯುವವರು ಫೋನಿನಲ್ಲಿಯೇ ಮೂರು ಮಾತು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು: ಹಿರಿಯ ಮಾಲಿಯೇ ಬರಬೇಕು, ಪಾತಿಗಳಿಗೆ ಬ್ಲೋವರ್ ಬೇಡ, ತರಗೆಲೆ ಮನೆಯಲ್ಲಿಯೇ ಉಳಿಯಬೇಕು. ಕೊನೆಯದಕ್ಕೆ ಒಪ್ಪಿದರೆ ಆ 400 ರೂಪಾಯಿಯನ್ನು ಬಿಲ್ಲಿನಿಂದ ತೆಗೆಸಬಹುದು. ಯುಗಾದಿಯ ಹಿಂದಿನ ವಾರದಲ್ಲಿ ದಿನ ಸಿಗುವುದು ಕಷ್ಟ, ಶಿವರಾತ್ರಿಯ ಆಸುಪಾಸಿನಲ್ಲಿಯೇ ಗೊತ್ತುಮಾಡಿಕೊಳ್ಳಿ.