ಒಂದೇ ರವಿಕೆಯಲ್ಲಿ ಎರಡು ಬಗೆಯ ಐಲೆಟ್: ಕೈಹೊಲಿಗೆ ಮತ್ತು ಹಿತ್ತಾಳೆ

ಅಕ್ಕನ ಮಗಳಿಗೆ ಗುಳೇದಗುಡ್ಡ ಖಣದ ರವಿಕೆ ಹೊಲಿಯುತ್ತಿದ್ದೆ. ಬೆನ್ನ ಮೇಲೆ ಶೂ ಲೇಸಿನ ಹಾಗೆ ದಾರ ಎಳೆದು ಕಟ್ಟುವ ಡಿಸೈನ್ ಬೇಕು ಅಂದಳು. ಅಂದರೆ ಎರಡೂ ಕಡೆ ಆರಾರು ಐಲೆಟ್. ದಾರ, ಲಾಡಿ ತೂರಿಸಲು ಅಂಚು ಭದ್ರ ಮಾಡಿದ ದುಂಡು ತೂತಿಗೆ ಐಲೆಟ್ ಅನ್ನುತ್ತಾರೆ. ಗುಂಡಿಗೆ ಕಾಜಾ, ದಾರಕ್ಕೆ ಐಲೆಟ್, ಅಷ್ಟೇ.

ಅಮ್ಮ ಕೈಯಲ್ಲೇ ಹೊಲಿ ಅಂದರು. ಅವಳು ಮಾತ್ರ, "ಚಿಕ್ಕಮ್ಮ, ಮೆಟಲ್ ರಿಂಗ್ ಹಾಕಿ, ಹೊಳೆಯುತ್ತೆ" ಅಂತ ಹಟ ಹಿಡಿದಳು. ಎಡಗಡೆ ಕೈಹೊಲಿಗೆ, ಬಲಗಡೆ ಹಿತ್ತಾಳೆ ಅಂತ ತೀರ್ಮಾನಿಸಿದೆ. ಮುಖ ಸಣ್ಣದು ಮಾಡಿದಳು. ನಾಟಕದ ತಾಲೀಮಿಗೆ ಮಾತ್ರ ಹಾಕಿಕೊಳ್ಳುವುದು ಅಂತ ಒಪ್ಪಿಸಿದೆ.

ಹಿತ್ತಾಳೆ ಐಲೆಟ್ ಚಿಕ್ಕಪೇಟೆಯ ರಾಜಾ ಮಾರ್ಕೆಟ್‌ನಲ್ಲಿ ಸಿಕ್ಕಿತು. ಹೋಗುವಾಗ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಒಂದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಬಣ್ಣ ಹಿತ್ತಾಳೆಯದಾದರೂ ಮ್ಯಾಗ್ನೆಟ್ಟಿಗೆ ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತಲೇ ಅರ್ಥ. ನಮ್ಮ ಮಳೆಗಾಲದಲ್ಲಿ ಬಟ್ಟೆ ಎರಡು ದಿನ ಹಸಿಯಾಗೇ ಇರುತ್ತೆ, ಅಲ್ವಾ? ಮೇಲಿನ ಪಾಲಿಶ್ ಸವೆದ ಕೂಡಲೇ ಅಂಥದ್ದಕ್ಕೆ ತುಕ್ಕು ಬರುತ್ತೆ. ಆ ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಹಿತ್ತಾಳೆ ಮಂಕಾಗಬಹುದು, ತುಕ್ಕು ಹಿಡಿಯುವುದಿಲ್ಲ.

ಹಾಕುವ ಕೆಲಸ ಬೇಗ ಮುಗಿಯಿತು. ಪಂಚ್‌ನಿಂದ ತೂತು ಹೊಡೆದು, ಮೇಲಿನ ಬಿಲ್ಲೆ ತೂರಿಸಿ, ಹಿಂದೆ ವಾಷರ್ ಇಟ್ಟು, ಡೈ ಅನ್ನುವ ಲೋಹದ ಅಚ್ಚಿನ ಮೇಲೆ ಸುತ್ತಿಗೆಯಿಂದ ಎರಡು ಏಟು. ಆರೂ ಹದಿನೈದು ನಿಮಿಷದಲ್ಲಿ ಆಯಿತು.

ಕೈಹೊಲಿಗೆಯ ಕಡೆ ಒಂದೊಂದಕ್ಕೇ ಹತ್ತು ನಿಮಿಷ ಹಿಡಿಯಿತು. ಇಲ್ಲಿ ಕತ್ತರಿಸುವ ಮಾತೇ ಇಲ್ಲ. ದಬ್ಬಣದ ಮೊನೆ ಚುಚ್ಚಿ, ತಿರುಗಿಸುತ್ತಾ ಎಳೆಗಳನ್ನು ಪಕ್ಕಕ್ಕೆ ಸರಿಸಬೇಕು. ಸುತ್ತ ಸಣ್ಣಗೆ ಓಡುಹೊಲಿಗೆ ಹಾಕಿ, ಅದನ್ನು ಮುಚ್ಚುವ ಹಾಗೆ ಒತ್ತೊತ್ತಾಗಿ ಕಾಜಾ ಹೊಲಿಗೆ ಹಾಕಬೇಕು. ನಡುನಡುವೆ ದಬ್ಬಣ ಮತ್ತೆ ತೂರಿಸಬೇಕು, ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತೆ. ದಾರಕ್ಕೆ ಸ್ವಲ್ಪ ಮೇಣ ಸವರಿದ್ದರಿಂದ ಗಂಟು ಬೀಳಲಿಲ್ಲ.

ಮೊದಲ ದಿನ ನೋಡಿದರೆ ಬಲಗಡೆಯೇ ಚೆಂದ. ನಿಜ ಹೇಳಬೇಕು, ಹಿತ್ತಾಳೆಯ ಅಂಚು ನುಣುಪಾಗಿದ್ದು ದಾರವೂ ಸರಾಗವಾಗಿ ಓಡುತ್ತಿತ್ತು.

ನಾಲ್ಕು ತಿಂಗಳು ಹಾಕಿ, ಒಗೆದು, ಮತ್ತೆ ಹಾಕಿದ ಮೇಲೆ ಕಥೆ ಬದಲಾಯಿತು. ಸೊಂಟದ ಹತ್ತಿರದ ಹಿತ್ತಾಳೆ ಐಲೆಟ್ ಒಂದು ಬಟ್ಟೆಯಿಂದ ಕಿತ್ತು ಬಂತು. ಎಳೆತ ಜಾಸ್ತಿ ಬೀಳುವುದೇ ಅಲ್ಲಿ. ಪಂಚ್ ಹೊಡೆದಾಗಲೇ ಎಳೆಗಳು ಕತ್ತರಿಸಿಹೋಗಿದ್ದವು, ತುಂಡಾದ ತುದಿಗಳು ವಾಷರಿನ ಹಿಡಿತದಿಂದ ಒಂದೊಂದಾಗಿ ಜಾರಿದ್ದವು. ಪಕ್ಕದ್ದೂ ಸಡಿಲವಾಗಿತ್ತು. ಎಡಗಡೆಯ ಆರರಲ್ಲಿ ಎರಡು ಸ್ವಲ್ಪ ಮೊಟ್ಟೆಯ ಆಕಾರಕ್ಕೆ ತಿರುಗಿದ್ದವು, ಆದರೆ ಒಂದೂ ಬಿಟ್ಟಿರಲಿಲ್ಲ. ಅಲ್ಲಿ ಒಂದು ಎಳೆಯೂ ಕಡಿದಿರಲಿಲ್ಲವಲ್ಲ. ಬೆನ್ನಿಗೂ ಅದೇ ಹಿತ. ಕುರ್ಚಿಗೆ ಒರಗಿದಾಗ ಹಿತ್ತಾಳೆ ಒತ್ತುತ್ತೆ ಅಂತ ಅವಳೇ ಹೇಳಿದಳು.

ತಪ್ಪು ಪೂರ್ತಿ ಹಿತ್ತಾಳೆಯದಲ್ಲ. ಒಳಗೆ ಕ್ಯಾನ್ವಾಸ್ ಪಟ್ಟಿ ಕೊಟ್ಟಿರಲಿಲ್ಲ, ತೂತನ್ನೂ ಸ್ವಲ್ಪ ದೊಡ್ಡದಾಗಿಯೇ ಹೊಡೆದಿದ್ದೆ. ತೂತು ಬಿಗಿಯಾಗಿರಬೇಕು, ಐಲೆಟ್ಟನ್ನು ಒತ್ತಿ ತೂರಿಸುವಷ್ಟು. ಆಮೇಲೆ ಜೀನ್ಸ್ ಬಟ್ಟೆಯ ಚೀಲಕ್ಕೆ ಹೀಗೇ ಎರಡು ಪದರ ಕೊಟ್ಟು ಹಾಕಿದೆ. ತರಕಾರಿ ಹೊತ್ತರೂ ಅಲ್ಲಾಡಿಲ್ಲ. ದಪ್ಪ ಬಟ್ಟೆ, ಟಾರ್ಪಾಲಿನ್, ಕ್ಯಾನ್ವಾಸ್ ಶೂ ಇವಕ್ಕೆಲ್ಲ ಲೋಹವೇ ಸರಿ. ಖಣ, ತೆಳು ಹತ್ತಿಯ ಮಲ್ಲು, ಹಳೆಯ ಸೀರೆಯ ಬಟ್ಟೆಗೆ ನಾನಂತೂ ಇನ್ನು ಕೈಹೊಲಿಗೆ ಬಿಡುವುದಿಲ್ಲ.

ಪರದೆಯ ದೊಡ್ಡ ರಿಂಗ್ ಬಗ್ಗೆ ಒಂದೇ ಮಾತು. ಅಲ್ಲಿ ಒತ್ತಿ ಕೂರಿಸುವ ಪ್ಲಾಸ್ಟಿಕ್ ರಿಂಗ್ ಸಾಕು, ಸುತ್ತಿಗೆಯೂ ಬೇಡ. ಲೆಕ್ಕ ಮಾತ್ರ ಸರಿಸಂಖ್ಯೆಯಲ್ಲಿರಲಿ. ಬೆಸ ಬಂದರೆ ಪರದೆಯ ಒಂದು ಅಂಚು ಗೋಡೆಯ ಕಡೆ, ಇನ್ನೊಂದು ಕೋಣೆಯ ಕಡೆ ತಿರುಗಿ ನಿಲ್ಲುತ್ತೆ.

ರವಿಕೆಯ ಬಲಗಡೆಯನ್ನು ಈಗ ಬಿಚ್ಚಿದ್ದೇನೆ. ಹರಿದ ಕಡೆ ಒಳಗಿನಿಂದ ಖಣದ ತುಂಡು ಕೊಟ್ಟು, ಅಂಚಿನ ಕೆಂಪು ದಾರದಲ್ಲೇ ಆರೂ ಐಲೆಟ್ ಹೊಲಿಯುತ್ತಿದ್ದೇನೆ. ನಾಲ್ಕು ಮುಗಿದಿವೆ.